ಕಾಫಿ ಗುಳಿಗೆಗೊಂದು ಡಬ್ಬಿ

ಚಿಕ್ಕಮಗಳೂರಿನ ಕಡೆಯ ಮನೆಗಳಲ್ಲಿ ಕಾಫಿಗೆ ಲೆಕ್ಕವಿಲ್ಲ. ದುಂದು ಎಂದಲ್ಲ. ಪುಡಿಗೆ ಲೆಕ್ಕವಿದೆ, ಹಾಲಿಗೆ ಲೆಕ್ಕವಿದೆ, ತಿಂಗಳ ಕೊನೆಯಲ್ಲಿ ಸಕ್ಕರೆಗಂತೂ ಇದ್ದೇ ಇದೆ. ಲೆಕ್ಕವಿಲ್ಲದಿರುವುದು ಕುಡಿಯುವವರಿಗೆ. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ ಕುದಿನೀರು ಹೊಯ್ದಿಟ್ಟರೆ ಕೆಳಗಿಳಿದ ಡಿಕಾಕ್ಷನ್ ನಾಲ್ವರಿಗೆ ಸಾಕು. ಆ ನಾಲ್ವರು ಮಾತಿಗೆ ಕುಳಿತಿರುವಾಗ ಇನ್ನಿಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಆರು ಮಂದಿಗೂ ಸಾಕು. ಮೊದಲಿಳಿದ ಗಟ್ಟಿ ಬಂದವರ ಲೋಟಕ್ಕೆ, ಎರಡನೆಯ ಸಲ ನೀರು ಹೊಯ್ದು ಇಳಿಸಿದ್ದು ಮನೆಯವರ ಲೋಟಕ್ಕೆ. ಯಾವ ಜಾತಿಯ, ಯಾವ ಮತದ ಅಡುಗೆಮನೆಯಾದರೂ ಸರಿ, ಅಲ್ಲಿನ ಹೆಂಗಸರಿಗೆ ಈ ಗುಟ್ಟು ಗೊತ್ತು. ಬಂದವರಿಗೆ ಮಾತ್ರ ಗೊತ್ತಾಗಬಾರದು.

ನಮ್ಮ ಮೈದುನ ಶಾರ್ಜಾದಿಂದ ತಂದ ಕಾಫಿ ಯಂತ್ರಕ್ಕೆ ಈ ಗುಟ್ಟು ತಿಳಿಯದು. ಅದು ಒಬ್ಬರಿಗೆ ಒಂದು ಎನ್ನುವ ಜಾತಿಯದು. ಬೊಂಬೆಯಾಟದ ಬಕೆಟ್ಟಿನಂಥ ಪುಟ್ಟ ಅಲ್ಯುಮಿನಿಯಂ ಬಟ್ಟಲು, ಅದರ ಬಾಯಿಗೆ ತೆಳು ಹಾಳೆಯ ಮುಚ್ಚಳ, ಒಳಗೆ ಐದಾರು ಗ್ರಾಂ ಪುಡಿ. ಬಟ್ಟಲನ್ನು ಯಂತ್ರದ ಗಂಟಲಿಗೆ ಹಾಕಿ ಹಿಡಿ ಎಳೆದರೆ ಹಿಂದಿನಿಂದ ಮೊಳೆಗಳು ಚುಚ್ಚುತ್ತವೆ. ಬಿಸಿನೀರು ಭಾರಿ ಒತ್ತಡದಲ್ಲಿ ನುಗ್ಗುತ್ತದೆ, ಮುಂದಿನ ಹಾಳೆ ಹರಿದು ನೊರೆನೊರೆಯಾಗಿ ಕಾಫಿ ಇಳಿಯುತ್ತದೆ. ಅರ್ಧ ನಿಮಿಷದ ಕೆಲಸ. ಇದಕ್ಕೆ ಪಾಡ್ ಎನ್ನುವವರೂ ಇದ್ದಾರೆ, ಕ್ಯಾಪ್ಸೂಲ್ ಎನ್ನುವವರೂ ಇದ್ದಾರೆ. ಬೆಳಗೆದ್ದು ಬಿ.ಪಿ.ಗೆ ಒಂದು, ಸಕ್ಕರೆಗೆ ಒಂದು ನುಂಗುವ ನಮ್ಮ ಅತ್ತೆ ಅದನ್ನು ಕಂಡೊಡನೆ ಗುಳಿಗೆ ಎಂದರು. ಮನೆಯಲ್ಲಿ ಆ ಹೆಸರೇ ನಿಂತಿತು.

(ಇಲ್ಲಿ 'ನಾವು' ಎಂದಾಗಲೆಲ್ಲ ಓದುಗರು ಸ್ವಲ್ಪ ಹೊಂದಿಸಿಕೊಳ್ಳಬೇಕು. ನಾಲ್ಕನೆಯ ತರಗತಿವರೆಗೆ ಉರ್ದು ಶಾಲೆಯಲ್ಲಿ ಕಲಿತ 'ಹಮ್' ಕನ್ನಡಕ್ಕೆ ಬಂದ ಮೇಲೂ ನಮ್ಮನ್ನು ಬಿಟ್ಟಿಲ್ಲ. ಕೆಲವು ಕಡೆ ಅದು ಬರೆಯುವವರೊಬ್ಬರೇ, ಕೆಲವು ಕಡೆ ಮನೆಮಂದಿಯೆಲ್ಲ.)

ಈ ಗುಳಿಗೆಯ ಹುಟ್ಟು ಸ್ವಿಟ್ಜರ್ಲೆಂಡಿನದು. ಎರಿಕ್ ಫಾವ್ರ್ ಎಂಬ ಎಂಜಿನಿಯರ್ ನೆಸ್ಲೆ ಕಂಪನಿಯಲ್ಲಿದ್ದಾಗ ರೂಪಿಸಿದ ಈ ಏರ್ಪಾಟಿಗೆ 1976ರಲ್ಲಿ ಪೇಟೆಂಟ್ ಆಯಿತು. ಮಾರುಕಟ್ಟೆಗೆ ಬರಲು ಇನ್ನೂ ಹತ್ತು ವರ್ಷ ಹಿಡಿದು 1986 ಆಯಿತು. ಒಂಟಿಯಾಗಿ ಆಫೀಸಿನಲ್ಲಿ ಕುಳಿತ ಮನುಷ್ಯನಿಗೆ ಅದು ಒಳ್ಳೆಯ ಉಪಾಯವೇ. ಪಾತ್ರೆ ತೊಳೆಯುವ ಕೆಲಸವಿಲ್ಲ, ಉಳಿಯುವ ಪ್ರಶ್ನೆಯಿಲ್ಲ. ಆದರೆ ಪ್ರತಿ ಗುಟುಕಿನ ಹಿಂದೆ ಒಂದು ಖಾಲಿ ಬಟ್ಟಲು ಉಳಿಯುತ್ತದೆ. ಈ ಕಸಕ್ಕೆ ಬೇಸತ್ತೇ ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ಸಾರ್ವಜನಿಕರ ಹಣದಿಂದ ಇಂಥವನ್ನು ಕೊಳ್ಳಬಾರದೆಂದು ನಿಯಮ ಮಾಡಿತು. ನಮ್ಮ ಯಜಮಾನರು ಕಾಫಿ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುವವರು. ಅವರು ಒಂದು ಗುಳಿಗೆಯ ಬೆಲೆ ಕೇಳಿ, ಒಂದು ಕಿಲೋ ಪುಡಿಗೆ ನೂರೆಂಬತ್ತು ಗುಳಿಗೆಯಾದರೂ ಆಗಬಹುದೆಂದು ಅಂದಾಜು ಮಾಡಿ, ಎರಡನ್ನೂ ಗುಣಿಸಿ, ಬಂದ ಮೊತ್ತವನ್ನು ಯಾರಿಗೂ ಹೇಳದೆ ಕ್ಯಾಲ್ಕುಲೇಟರ್ ಆರಿಸಿ ಎದ್ದುಹೋದರು. ನಮ್ಮ ಜಿಲ್ಲೆಯ ಬೆಳೆಗಾರ ಯಾವತ್ತೂ ಕಾಣದ ಬೆಲೆ ಅದು.

ಮೈದುನ ತಂದದ್ದು ನೂರಿಪ್ಪತ್ತು ಗುಳಿಗೆ. ಹತ್ತು ಹತ್ತರಂತೆ ಹನ್ನೆರಡು ಉದ್ದ ಪೊಟ್ಟಣಗಳು. ಬಂಗಾರ, ನೇರಳೆ, ಹಸಿರು, ಕೆಂಪು, ಕಡು ಕಪ್ಪು. ಪ್ರತಿ ಬಣ್ಣಕ್ಕೂ ಒಂದೊಂದು ರುಚಿಯಂತೆ. ಮಕ್ಕಳು ಪೊಟ್ಟಣ ಒಡೆದು ಅವುಗಳಿಂದ ಅಂಗಡಿಯಾಟ ಆಡಿದರು. ಆಮೇಲೆ ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿಗೆ ಬಿದ್ದು ಬೀರುವಿನ ಮೂಲೆ ಸೇರಿದವು. ಯಾರಾದರೂ ಬಂದಾಗ ಮೈದುನ ಆ ಕವರಿನಲ್ಲಿ ಕೈಯಾಡಿಸಿ ಚರಚರ ಸದ್ದು ಮಾಡುತ್ತ ಹುಡುಕುವುದು ನಡುಮನೆಗೆ ಕೇಳುತ್ತಿತ್ತು. ಅದು ಚಂದವಲ್ಲ ಎಂದು ಮೊದಲು ಅನ್ನಿಸಿದ್ದು ಪಿಯುಸಿ ಓದುತ್ತಿರುವ ನಮ್ಮ ಹಿರಿಮಗಳಿಗೆ.

"ಚಾಚೂ, ನಾನೊಂದು ಸ್ಟ್ಯಾಂಡ್ ಮಾಡಿಕೊಡ್ತೀನಿ," ಅಂದಳು. ಅವಳು ಬರೆದ ನಕ್ಷೆ ಸುಂದರವಾಗಿಯೇ ಇತ್ತು. ಒಂದು ಉದ್ದನೆಯ ಹಲಗೆ, ನಾಲ್ಕು ಸಾಲು, ಸಾಲಿಗೆ ಆರು ತೂತು. ಒಟ್ಟು ಇಪ್ಪತ್ನಾಲ್ಕು ಗುಳಿಗೆ ಗೋಡೆಯ ಮೇಲೆ ಬಣ್ಣದ ಪ್ರಕಾರ ಕುಳಿತಿರುವುದು. ಸುತ್ತ ಕನ್ನಡಿ ಚೂರು, ಲೇಸು. ಬಂದವರು ತಮಗೆ ಬೇಕಾದ ಬಣ್ಣ ತೋರಿಸಿದರಾಯಿತು.

ಅತ್ತೆ ಕನ್ನಡಕ ಏರಿಸಿ ನಕ್ಷೆ ನೋಡಿದರು. "ಇದರಲ್ಲಿ ನಾಲ್ಕೇ ಉಳಿದ ದಿನ ಐದು ಜನ ಬಂದರೆ?" ಎಂದು ಕೇಳಿದರು.

"ಒಬ್ಬರಿಗೆ ಟೀ, ದಾದಿ."

"ಟೀ ಯಾರಿಗೆ ಅಂತ ಗೋಡೆ ನೋಡಿ ಅವರೇ ತೀರ್ಮಾನ ಮಾಡಿಕೊಳ್ಳಬೇಕಾ? ಮುಚ್ಚಳ ಇರೋದನ್ನ ಮಾಡು. ಮನೇಲಿ ಎಷ್ಟಿದೆ ಅಂತ ಬಂದವರಿಗೆ ಕಾಣಬಾರದು."

ಅಷ್ಟು ಹೇಳಿ ಅವರು ಅಸರ್ ನಮಾಝಿಗೆ ಎದ್ದರು. ಮಗಳು ಮುಖ ಸಣ್ಣ ಮಾಡಿಕೊಂಡು ನಮ್ಮ ಕಡೆ ನೋಡಿದಳು. ಅಲಂಕಾರ ಎಂದರೆ ಕಾಣುವಂತೆ ಇಡುವುದು ಎಂದುಕೊಂಡವಳಿಗೆ, ಕಾಣದಂತೆ ಇಡುವುದಕ್ಕೂ ಅಲಂಕಾರ ಬೇಕು ಎಂಬುದು ಹೊಸದು.

ನಮ್ಮ ಅತ್ತೆಗೂ ಎಣಿಕೆಗೂ ಹಳೆಯ ಜಗಳವಿದೆ. ಮದುವೆಗೆ ಮುಂಚೆ, ಮದುವೆಯಾದ ಮೇಲೂ ಒಂಬತ್ತು ವರ್ಷ ಅವರು ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ಹೆಕ್ಕುತ್ತಿದ್ದವರು. ಉದ್ದ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದ ಬೀಜಗಳನ್ನು ಬೇರೆ ಮಾಡಬೇಕು. ಸಂಜೆ ಮೇಸ್ತ್ರಿ ತೂಕ ಹಾಕಿ ಕೂಲಿ ಬರೆಯುತ್ತಿದ್ದ. ಈಗ ಆ ಕೆಲಸವನ್ನು ಬಣ್ಣ ಗುರುತಿಸುವ ಯಂತ್ರಗಳು ಮಾಡುತ್ತವೆ. ಆದರೆ ಅತ್ತೆಯ ಬೆರಳುಗಳು ಇನ್ನೂ ಹಾಗೇ ಇವೆ. ಅಕ್ಕಿ ಆರಿಸುವಾಗ ಕಣ್ಣು ಟಿ.ವಿ.ಯ ಮೇಲಿದ್ದರೂ ಕಲ್ಲು ಬೆರಳಿಗೆ ತಾನಾಗಿ ಸಿಗುತ್ತದೆ. ದಿನವಿಡೀ ತೂಕಕ್ಕೆ, ಎಣಿಕೆಗೆ ದುಡಿದು ಬಂದವರು ಮನೆಯ ಒಳಗೆ ಯಾವುದನ್ನೂ ಎಣಿಸಲು ಬಿಡುತ್ತಿರಲಿಲ್ಲ. ತಟ್ಟೆಯ ರೊಟ್ಟಿ ಎಣಿಸಿದರೆ "ಬರ್ಕತ್ ಹೋಗುತ್ತೆ" ಎಂದು ಕೈ ಮೇಲೆ ಹೊಡೆಯುತ್ತಿದ್ದರೆಂದು ನಮ್ಮ ಯಜಮಾನರು ಹೇಳುತ್ತಾರೆ. ಇದೇನೂ ನಮ್ಮವರೊಬ್ಬರ ನಂಬಿಕೆಯಲ್ಲ. ಕಣದಲ್ಲಿ ರಾಗಿ ಅಳೆಯುವ ರೈತ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾನೆ. ಎಣಿಸಲೇಬೇಕಾದ ಕಡೆಯೂ ಎಣಿಕೆಗೆ ಒಂದು ಮುಚ್ಚಳ.

ಆದರೆ ಈ ಸಲ ಅವರು ಕೇಳಿದ ಮುಚ್ಚಳ ಬರೀ ಬರ್ಕತ್ತಿನದಲ್ಲ ಎಂಬುದು ನಮಗೆ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಮೈದುನ ಹನ್ನೊಂದು ವರ್ಷ ಶಾರ್ಜಾದಲ್ಲಿದ್ದವರು. ಎರಡು ವರ್ಷಕ್ಕೊಮ್ಮೆ ಬರುವಾಗ ಊರಿಗೆಲ್ಲ ಖರ್ಜೂರ, ಟಾರ್ಚು, ಅತ್ತರು. ಈ ಸಲ ಬಂದಾಗ ರಜೆ ಎಂದರು. ಒಂದು ತಿಂಗಳಾಯಿತು, ಎರಡಾಯಿತು. ಮೂರನೆಯ ತಿಂಗಳು ಒಂದು ರಾತ್ರಿ ಊಟ ಮಾಡುತ್ತ, ಕಂಪನಿ ಕೆಲಸದವರನ್ನು ಕಡಿಮೆ ಮಾಡಿದೆ, ವೀಸಾ ರದ್ದಾಗಿದೆ ಎಂದು ತಲೆಯೆತ್ತದೆ ಹೇಳಿ ಮುಗಿಸಿದರು. ಕಾಫಿ ಯಂತ್ರ ಅವರ ರೂಮಿನದು. ಸಾಮಾನೆಲ್ಲ ಅಲ್ಲೇ ಸಿಕ್ಕ ಬೆಲೆಗೆ ಮಾರಿ ಇದೊಂದನ್ನು ಮಾತ್ರ ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಆ ದೇಶದ ಮೂರು ಚಪ್ಪಟೆ ಕಾಲಿನ ದಪ್ಪ ಪ್ಲಗ್ಗು ನಮ್ಮ ಗೋಡೆಗೆ ಹೋಗದು. ನಡುವೆ ಒಂದು ಅಡಾಪ್ಟರ್ ಬೇಕು.

ಮೊಹಲ್ಲಾದವರು ಬರುತ್ತಾರೆ. "ರಜಾ ಎಷ್ಟು ದಿನ ಭಾಯಿ? ವಾಪಸ್ ಯಾವಾಗ?" ಎಂಬುದು ಮೊದಲ ಪ್ರಶ್ನೆ. ಮೈದುನ ನಗುತ್ತ ಏಳುತ್ತಾರೆ. "ಕಾಫಿ ಯಾವುದು ಬೇಕು? ಗೋಲ್ಡನ್ನಾ, ಗ್ರೀನಾ?" ಯಂತ್ರ ಗುರ್ ಎನ್ನುತ್ತದೆ, ನೊರೆ ಬರುತ್ತದೆ, ಬಂದವರು ಕಣ್ಣರಳಿಸುತ್ತಾರೆ, ಪ್ರಶ್ನೆ ಎಲ್ಲೋ ತಪ್ಪಿಹೋಗುತ್ತದೆ. ಹೀಗೆ ನೂರಿಪ್ಪತ್ತು ಇದ್ದದ್ದು ಎಪ್ಪತ್ತಕ್ಕೆ ಇಳಿದಿತ್ತು. ಗೋಡೆಯ ಮೇಲಿನ ಹಲಗೆಯಲ್ಲಿ ಒಂದೊಂದೇ ತೂತು ಬರಿದಾಗುತ್ತ ಹೋದರೆ ಕಾಣುವುದು ಕಾಫಿ ಎಷ್ಟು ಉಳಿದಿದೆ ಎಂದಷ್ಟೇ ಅಲ್ಲವಲ್ಲ.

ಮಗಳಿಗೆ ಇದನ್ನು ಯಾರೂ ವಿವರಿಸಲಿಲ್ಲ. ಅವಳೇ ಎರಡು ದಿನ ಬಿಟ್ಟು ಹೊಸ ನಕ್ಷೆಯೊಂದಿಗೆ ಬಂದಳು. ಈ ಸಲ ಗೋಡೆಯಿಲ್ಲ, ಡಬ್ಬಿ. ಅದರ ಮಾದರಿ ಅತ್ತೆಯ ತಾಯಿಯ ಕಾಲದ ತಾಮ್ರದ ಪಾನ್‌ದಾನ್. ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ತೊಳೆದು ನಡುವೆ ಇಟ್ಟುಕೊಂಡೆವು. ದುಂಡನೆಯ ಪೆಟ್ಟಿಗೆ, ಗುಮ್ಮಟದಂಥ ಮುಚ್ಚಳ. ಒಳಗೆ ಕಾಚು, ಸುಣ್ಣ, ಅಡಿಕೆ, ಏಲಕ್ಕಿ, ಲವಂಗಕ್ಕೆ ಬೇರೆ ಬೇರೆ ಬಟ್ಟಲು. ಮೇಲೆ ಎತ್ತಿಡಬಹುದಾದ ಒಂದು ತಟ್ಟೆ, ಎಲೆ ಇಡಲು. ಮನೆಗೆ ಬಂದವರ ಮುಂದೆ ಇಡುವ ಪೆಟ್ಟಿಗೆ ಹೇಗಿರಬೇಕೆಂಬುದನ್ನು ನಮ್ಮ ಹಿರಿಯರು ಆಗಲೇ ಯೋಚಿಸಿ ಮುಗಿಸಿದ್ದರು. ಗುಳಿಗೆಯ ಅಳತೆ ಹೊಂದಿಸುವುದಷ್ಟೇ ನಮಗೆ ಉಳಿದದ್ದು.

ಡಬ್ಬಿಗೆ ಹುಡುಕಾಟ ಬೇಕಾಗಲಿಲ್ಲ. ಕೊಲ್ಲಿಗೆ ಹೋದವರ ಮನೆಗಳಲ್ಲೆಲ್ಲ ಒಂದು ನೀಲಿ ಬಣ್ಣದ ದುಂಡು ಬಿಸ್ಕತ್ ಡಬ್ಬಿ ಇರುತ್ತದೆ. ಬಿಸ್ಕತ್ತು ಮುಗಿದ ಮರುದಿನ ಅದರೊಳಗೆ ಸೂಜಿ, ದಾರ, ಗುಂಡಿ ಸೇರುತ್ತವೆ. ಆಮೇಲೆ ಮನೆಗೆ ಹೊಸದಾಗಿ ಬಂದ ಮಕ್ಕಳೆಲ್ಲ ಆಸೆಯಿಂದ ಮುಚ್ಚಳ ತೆಗೆದು ಪೆಚ್ಚಾಗುತ್ತಾರೆ. ನಮ್ಮ ಸೂಜಿದಾರವನ್ನು ಬೇರೆ ಕಡೆ ಹಾಕಿ ಡಬ್ಬಿ ಅಳೆದೆವು. ಅಡ್ಡಗಲ ಇಪ್ಪತ್ತು ಸೆಂಟಿಮೀಟರ್, ಆಳ ಎಂಟಕ್ಕೆ ತುಸು ಕಡಿಮೆ. ಗುಳಿಗೆಯ ಅಂಚಿನ ಅಗಲ 37 ಮಿಲಿಮೀಟರ್, ಎತ್ತರ ಮೂರು ಸೆಂಟಿಮೀಟರಿನ ಒಳಗೆ. ಮಗಳು ಕೈವಾರ ಹಿಡಿದು ಕುಳಿತಳು. ಸಾಲು ಸಾಲಾಗಿ ಚೌಕದಂತೆ ಇಟ್ಟರೆ ದುಂಡು ತಟ್ಟೆಯಲ್ಲಿ ಜಾಗ ಹಾಳು. ನಡುವೆ ಒಂದು ಇಟ್ಟು ಸುತ್ತ ಆರು ಇಟ್ಟರೆ ಒಂದಕ್ಕೊಂದು ಅಂಟಿ ಕೂರುತ್ತವೆ, ಆ ಆರರ ಸುತ್ತ ಮತ್ತೆ ಹನ್ನೆರಡು. ಒಟ್ಟು ಹತ್ತೊಂಬತ್ತು. ಜೇನುಗೂಡಿನ ಲೆಕ್ಕ ಇದು. ಬಳೆಗಳನ್ನು ಚಾಪೆಯ ಮೇಲೆ ಹರಡಿಕೊಂಡು ಯಾರು ಬೇಕಾದರೂ ಮಾಡಿ ನೋಡಬಹುದು.

ನಡುವೆ ಒಂದು, ಸುತ್ತ ಆರು ಎಂದೊಡನೆ ಮಗಳಿಗೆ ಬಾಬಾ ಬುಡನ್ ನೆನಪಾದರು. ಯೆಮನಿನ ಮೋಕಾ ಬಂದರಿನಿಂದ ಅವರು ಗುಟ್ಟಾಗಿ ತಂದು ನಮ್ಮ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುವ ಬೀಜಗಳೂ ಏಳೇ. ಹದಿನೇಳನೆಯ ಶತಮಾನದ ಮಾತು. ಕಾಫಿಯನ್ನು ಎಣಿಸಿದ್ದು ಆಗ ಒಂದೇ ಸಲ. ಇಂದು ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಆ ಬೆಟ್ಟದ ತಪ್ಪಲಿಗೆ ಅಲ್ಯುಮಿನಿಯಂ ಬಟ್ಟಲಿನಲ್ಲಿ ಐದೈದು ಗ್ರಾಂ ಕಾಫಿ ವಿಮಾನದಲ್ಲಿ ಬಂದಿಳಿದದ್ದು ನೆನೆದರೆ ನಗು ಬರುತ್ತದೆ. ಆ ನಗುವನ್ನು ಮೈದುನನ ಎದುರು ನಾವು ತಡೆದುಕೊಂಡೆವು.

ತೂತು ಕೊರೆಯುವುದು ಮನೆಯ ಕೆಲಸವಲ್ಲ. ರಟ್ಟಿನಲ್ಲಿ ಬ್ಲೇಡಿನಿಂದ ದುಂಡಗೆ ಕತ್ತರಿಸಲು ಹೋದರೆ ಅಂಚು ಹಲ್ಲುಹಲ್ಲಾಗುತ್ತದೆ. ನಾಲ್ಕು ಮಿಲಿಮೀಟರಿನ ಪ್ಲೈವುಡ್ಡನ್ನು ಡಬ್ಬಿಯ ಅಳತೆಗೆ ಬಿಲ್ಲೆಯಾಗಿ ಕೊಯ್ಯಿಸಿ ಪಕ್ಕದ ಬೀದಿಯ ಆಚಾರ್ರ ಹತ್ತಿರ ಒಯ್ದೆವು. ಡ್ರಿಲ್ಲಿಗೆ ಸಿಕ್ಕಿಸುವ ಬಟ್ಟಲಿನಂಥ ಗರಗಸ ಅವರಲ್ಲಿದೆ. 32 ಮಿಲಿಮೀಟರಿನದಾದರೆ ಗುಳಿಗೆಯ ಹೊಟ್ಟೆ ಒಳಗಿಳಿದು ಅಂಚು ಮೇಲೆ ನಿಲ್ಲುತ್ತದೆ. ಪ್ಲೈವುಡ್ ಸೀಳದಿರಲೆಂದು ಕೆಳಗೊಂದು ಹಳೆಯ ಹಲಗೆ ಇಟ್ಟು, ಅರ್ಧ ಕೊರೆದು, ತಿರುವಿ ಹಾಕಿ ಇನ್ನರ್ಧ ಕೊರೆದರು. ಏಳೆಂಟು ತೂತು ಆದ ಮೇಲೆ ಎತ್ತಿ ಹಿಡಿದು, "ಏನಕ್ಕಾ, ಇಡ್ಲಿ ತಟ್ಟೆ ಮಾಡಿಸ್ತಾ ಇದ್ದೀರಾ?" ಎಂದರು. ದುಡ್ಡು ಬೇಡವೆಂದರು. ಆ ಯಂತ್ರದ ಕಾಫಿ ಕುಡಿಯಬೇಕು ಎಂದು ಮಾತ್ರ ಹೇಳಿಕೊಂಡು ಸಂಜೆ ಬಂದರು, ಜೊತೆಗೆ ತಮ್ಮ ಅಳಿಯನನ್ನೂ ಕರೆದುಕೊಂಡು.

ಆ ಇಡ್ಲಿ ತಟ್ಟೆಗೆ ಉಡುಪು ತೊಡಿಸಿದ್ದು ನಾವು. ಒಡವೆ ಪೆಟ್ಟಿಗೆಯೊಂದರ ಕಡುಗೆಂಪು ಮಖಮಲ್ಲು ಸಾಲಲಿಲ್ಲವೆಂದು ಅಂಗಡಿಯಿಂದ ಅರ್ಧ ಮೀಟರ್ ತಂದೆವು. ಬಟ್ಟೆಗೆ ಗೋಂದು ಕಂಡೀತೆಂದು ಅಂಚುಗಳಿಗಷ್ಟೇ ತೆಳ್ಳಗೆ ಫೆವಿಕಾಲ್ ಹಚ್ಚಿ ಬಿಗಿಯಾಗಿ ಎಳೆದು ಅಂಟಿಸಬೇಕು. ಒಣಗಿದ ಮೇಲೆ ಪ್ರತಿ ತೂತಿನ ಮೇಲೂ ಬ್ಲೇಡಿನ ಮೊನೆಯಿಂದ ನಕ್ಷತ್ರದಂತೆ ಎಂಟು ಸೀಳು. ಆ ಎಂಟು ಚೂಪುಗಳನ್ನು ಒಳಗೆ ಮಡಿಚಿ ಹಿಂಬದಿಗೆ ಅಂಟಿಸಿದರೆ ತೂತಿನ ಬಾಯಿ ಹೊಲಿದಷ್ಟು ನಯ. ಹತ್ತೊಂಬತ್ತು ತೂತು, ತೂತಿಗೆ ಎಂಟು. ಮಧ್ಯಾಹ್ನ ಶುರು ಮಾಡಿದ್ದು ಮಗ್ರಿಬ್ ಅಜಾನಿನವರೆಗೆ ನಡೆಯಿತು. ತಟ್ಟೆ ಎತ್ತಲು ಎದುರುಬದುರಾಗಿ ಗೋಟಾ ಪಟ್ಟಿಯ ಎರಡು ಕಿವಿ.

ಡಬ್ಬಿಯ ಗೋಡೆಗೆ ಒಳಗಡೆ ನಾಲ್ಕು ಮರದ ತುಂಡು ಅಂಟಿಸಿ ತಟ್ಟೆಯನ್ನು ಅವುಗಳ ಮೇಲೆ ಕೂರಿಸಿದೆವು. ತಟ್ಟೆಯ ಕೆಳಗೆ ಉಳಿದ ಜಾಗದಲ್ಲಿ ಇನ್ನೊಂದು ಪದರ ಗುಳಿಗೆ ಬೋರಲಾಗಿ ನಿಲ್ಲುತ್ತವೆ. ಈ ಕೆಳಪದರ ಅತ್ತೆಯ ಸಲಹೆ. ಮೇಲೆ ಎರಡು ಖಾಲಿಯಾದರೆ ಕೆಳಗಿನಿಂದ ಎರಡು ತೆಗೆದು ತುಂಬಿಬಿಡುವುದು. ಯಾರು ಯಾವತ್ತು ಮುಚ್ಚಳ ತೆರೆದರೂ ಹೂವಿನ ತಟ್ಟೆ ತುಂಬಿಯೇ ಇರುತ್ತದೆ. ಅಡಿಯಲ್ಲಿ ಎಷ್ಟಿದೆ ಎಂಬುದು ಅಡುಗೆಮನೆಯ ವಿಷಯ.

ಮುಚ್ಚಳದ ಮೇಲೆ ಏನು ಮಾಡುವುದೆಂಬ ಚರ್ಚೆ ಬಹಳ ನಡೆಯಲಿಲ್ಲ. ಬಳಸಿದ ಗುಳಿಗೆಗಳನ್ನು ಎಸೆಯಲು ಅತ್ತೆ ಬಿಟ್ಟಿರಲಿಲ್ಲ. ಹಾಳೆ ಸುಲಿದು, ಒಳಗಿನ ಚರಟವನ್ನು ಗುಲಾಬಿ ಕುಂಡಗಳಿಗೆ ಸುರಿದು, ತೊಳೆದು ಬಿಸಿಲಿಗೆ ಇಡುತ್ತಿದ್ದರು. ಅವನ್ನು ಬೋರಲು ಹಾಕಿ ಹಿತ್ತಾಳೆ ಲೋಟದ ತಳದಿಂದ ಮೆಲ್ಲಗೆ ಒತ್ತಿದರೆ ಗೆರೆಗೆರೆಯಾಗಿ ಮಡಿಚಿಕೊಂಡು ಚಪ್ಪಟೆ ಹೂವಾಗುತ್ತವೆ. ಹೊಲಿಯಲು ತೂತು ಕೊರೆಯಬೇಕಾಗಿಲ್ಲ. ಯಂತ್ರ ಚುಚ್ಚಿದ ತೂತುಗಳೇ ಹಿಂಬದಿಯಲ್ಲಿವೆಯಲ್ಲ, ಗುಂಡಿಗೆ ದಾರ ಹಾಕಿದ ಹಾಗೆ ಹಾಕಿ ನಡುವೆ ಒಂದು ಮಣಿ ಕೂರಿಸಿದರೆ ಮುಗಿಯಿತು. ಮಖಮಲ್ಲಿನ ಮೇಲೆ ಮೊದಲು ಹೂವುಗಳನ್ನು ಹೊಲಿದು, ಆಮೇಲೆ ಬಟ್ಟೆಯನ್ನು ಮುಚ್ಚಳಕ್ಕೆ ಅಂಟಿಸಿದೆವು. ಸುತ್ತ ಅತ್ತೆಯ ಮದುವೆಯ ದುಪಟ್ಟಾದ ಗೋಟಾ. ಕಪ್ಪಾಗಿದ್ದ ಜರಿಯ ಪಕ್ಕ ಹೊಸ ಬಂಗಾರದ ಗುಳಿಗೆ ಹೊಂದುವುದಿಲ್ಲವೆಂದು ನಮಗೆ ಅನ್ನಿಸಿತ್ತು. ಹೊಂದಿತು.

ಮುಚ್ಚಳ ಮುಚ್ಚಿ ಮೇಜಿನ ಮೇಲಿಟ್ಟಾಗ ಮೈದುನ ತಿರುಗಿಸಿ ತಿರುಗಿಸಿ ನೋಡಿದರು. ಯಾವ ಹೂವು ಯಾವ ದಿನ ಯಾರಿಗೆ ಕೊಟ್ಟ ಕಾಫಿಯದೆಂದು ಹೇಳತೊಡಗಿದರು. ಇದು ಮೌಲ್ವಿ ಸಾಹೇಬರದು, ಇದು ಬ್ಯಾಂಕಿನವರದು, ಇದು ಅಳಿಯನೊಂದಿಗೆ ಬಂದ ಆಚಾರ್ರದು. ಆಮೇಲೆ ಅಮ್ಮನ ಕಡೆ ನೋಡಿ, "ಅಮ್ಮಿ, ಅಲ್ಲೂ ಹೀಗೇ" ಎಂದರು. ಅರಬರ ಮನೆಗಳ ಕಹ್ವಾ ನೆನಪಾಗಿತ್ತು ಅವರಿಗೆ. ಉದ್ದ ಕೊಕ್ಕಿನ ದಲ್ಲಾದಿಂದ ಪುಟ್ಟ ಫಿಂಜಾನಿನ ತಳ ಮುಚ್ಚುವಷ್ಟೇ ಹೊಯ್ಯುತ್ತಾರೆ. ಮುಗಿದರೆ ಮತ್ತೆ ಹೊಯ್ಯುತ್ತಾರೆ. ಸಾಕಾದರೆ ಬಂದವನೇ ಬಟ್ಟಲನ್ನು ಅಲ್ಲಾಡಿಸಬೇಕು, ಅಲ್ಲಿಯವರೆಗೆ ಹೊಯ್ಯುವವನು ನಿಲ್ಲಿಸುವಂತಿಲ್ಲ. ಈ ಪದ್ಧತಿಯನ್ನು ಯುಎಇ, ಸೌದಿ ಅರೇಬಿಯಾ, ಒಮಾನ್, ಕತಾರ್ ದೇಶಗಳು ಒಟ್ಟಾಗಿ ಮಂಡಿಸಿ, 2015ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿಸಿವೆ. ಅದೇ ದೇಶದ ಲೇಬರ್ ರೂಮಿನಲ್ಲಿ ನಮ್ಮ ಹುಡುಗ ಒಬ್ಬನೇ ಕುಳಿತು ಒಬ್ಬರಿಗೆ ಒಂದು ಗುಳಿಗೆಯ ಕಾಫಿ ಕುಡಿದದ್ದು.

ಗುಳಿಗೆಗಳು ಮುಗಿಯುವ ದಿನ ಬರಲೇಬೇಕಿತ್ತು. ಮುಗಿಯಲಿಲ್ಲ, ಅಥವಾ ಮುಗಿದದ್ದು ಹೊರಗೆ ಗೊತ್ತಾಗಲಿಲ್ಲ. ಒಣಗಿಸಿಟ್ಟ ಬಟ್ಟಲುಗಳಲ್ಲಿ ಸೊಟ್ಟಗಾಗದ ಮೂವತ್ತನ್ನು ಮೈದುನ ಆರಿಸಿಕೊಂಡರು. ಬಾಯಿಗೆ ಅಂಟಿಸುವ ಹಾಳೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಮಾರ್ಕೆಟ್ ರಸ್ತೆಯಿಂದ ಚಿಕೋರಿ ಬೆರೆಸದ ಪುಡಿ ತಂದು ತುಂಬಿದರು. ಮೊದಲ ಎರಡು ಸಲ ಬಂದದ್ದು ಬರೀ ಬಣ್ಣದ ನೀರು. ಪುಡಿ ಇನ್ನೂ ನುಣ್ಣಗಿರಬೇಕೆಂದು ಮತ್ತೆ ಬೀಸಿಸಿಕೊಂಡು ಬಂದು, ಬೆರಳಿನಿಂದ ಒತ್ತಿ ತುಂಬಿದಾಗ ನೊರೆ ಬಂತು. ಅತ್ತೆ ಒಂದು ಗುಟುಕು ಕುಡಿದು, "ಇದು ನಮ್ಮ ಬೀಜ" ಎಂದರು. ಹೆಕ್ಕಿದವರ ನಾಲಿಗೆ, ನಾವು ವಾದ ಮಾಡಲಿಲ್ಲ. ಪುಡಿ ತಂದ ಅಂಗಡಿಯವರೊಂದಿಗೆ ಮೈದುನ ಈಗ ಹೆಚ್ಚು ಹೊತ್ತು ಮಾತಾಡುತ್ತಾರೆ. ಹುರಿಯುವ ಯಂತ್ರದ ಬೆಲೆ ವಿಚಾರಿಸಿದ್ದಾರೆಂದು ಯಜಮಾನರ ಕ್ಯಾಲ್ಕುಲೇಟರ್ ಮತ್ತೆ ಮೇಜಿಗೆ ಬಂದಿರುವುದರಿಂದ ತಿಳಿಯಿತು.

ಡಬ್ಬಿಯ ಮೇಲಿನ ಪದರದಲ್ಲಿ ಈಗ ಹದಿನೆಂಟೇ ಗುಳಿಗೆ. ನಡುವಿನ ತೂತಿನಲ್ಲಿ ಖಾಲಿ ಬಟ್ಟಲೊಂದನ್ನು ಇಟ್ಟು ಅತ್ತೆ ಏಲಕ್ಕಿ ತುಂಬಿದ್ದಾರೆ, ಪಾನ್‌ದಾನಿನಲ್ಲಿ ಇದ್ದ ಹಾಗೆ. ಸಕ್ಕರೆ ಕಾಯಿಲೆ, ಕಾಫಿ ಬೇಡ ಎಂದು ಹೇಳಿಕೊಂಡೇ ಒಳಬರುವ ಎದುರು ಮನೆಯ ಖಾಲಾ, ಕುಳಿತ ಮೇಲೆ ಆ ಹೂವಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.